ನಲಿಕಲಿ ಚಪ್ಪರದ ಚಿತ್ರಪಾಠ

ಸರ್ಕಾರಿ ಪ್ರಾಥಮಿಕ ಶಾಲೆಯ ನಲಿಕಲಿ ಕೋಣೆಯೊಳಗೆ ಕಾಲಿಟ್ಟವರ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಗೋಡೆಯಿಂದ ಗೋಡೆಗೆ ದಾರ ಕಟ್ಟಿರುತ್ತಾರೆ. ಶಾಲೆಯವರು ಅದನ್ನು ಚಪ್ಪರ ಎನ್ನುತ್ತಾರೆ. ಮಕ್ಕಳು ಬಿಡಿಸಿದ ಎತ್ತು, ಜೋಳದ ತೆನೆ, ಬಸ್ಸು, ಅವ್ವನ ಮುಖ ಅಲ್ಲಿ ತೂಗುತ್ತವೆ. ಕೆಳಗೆ, ಮಗುವಿನ ಕೈಗೆಟುಕುವಷ್ಟು ಎತ್ತರಕ್ಕೆ ಗೋಡೆಗೆ ಕಪ್ಪು ಬಳಿದು ಒಂದೊಂದು ಮಗುವಿಗೆ ಒಂದೊಂದು ಪಾಲು ಬಿಟ್ಟಿರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ನಲಿಯುತ್ತಾ ಕಲಿಯುವ ಈ ನಲಿಕಲಿ ಪದ್ಧತಿ 2009-10ರ ಹೊತ್ತಿಗೆ ರಾಜ್ಯವ್ಯಾಪಿಯಾಗಿ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಗೂ ಬಂತು.

ಪೌರನೀತಿಯ ಪಾಠ ಈ ಕೋಣೆಯಲ್ಲಿ ಹೇಗೆ ನಡೆಯುತ್ತದೆ ನೋಡಿ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂಡುತ್ತಾರೆ. ಬಣ್ಣದ ಕಡ್ಡಿ ಪಕ್ಕದವರ ಕೈಯಲ್ಲಿದ್ದರೆ ಕಾಯಬೇಕು. ಗೋಡೆಯ ಮೇಲೆ ಗೆರೆ ದಾಟಿದರೆ ಇನ್ನೊಬ್ಬರ ಚಿತ್ರ ಕೆಡುತ್ತದೆ. ಚಪ್ಪರಕ್ಕೆ ಚೆಂದದ ಚಿತ್ರವನ್ನಷ್ಟೇ ಆರಿಸಿ ಹಾಕುವಂತಿಲ್ಲ, ಎಲ್ಲರದೂ ಏರಬೇಕು. ಕಂಪೌಂಡಿನ ಮೇಲೆ ಪೇಂಟರ್ ಬರೆದುಹೋದ ಸುಭಾಷಿತಕ್ಕಿಂತ ಇದು ಎಷ್ಟೋ ಪಾಲು ಗಟ್ಟಿಯಾದ ಪಾಠ ಎಂದು ನನ್ನ ನಂಬಿಕೆ.

ಈ ನೆಲದಲ್ಲಿ ಅದಕ್ಕೆ ಇನ್ನೊಂದು ತೂಕವೂ ಇದೆ. 2010ರಲ್ಲಿ ಕಲಬುರಗಿಯಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಅಕ್ಷರ ಬಾರದ ಅವ್ವ ಶಾಲೆಗೆ ಬಂದರೆ ಮಗುವಿನ ನೋಟ್‌ಬುಕ್ ಓದಲಾರಳು. ಚಪ್ಪರದ ಚಿತ್ರವನ್ನು ಓದಬಲ್ಲಳು, ಪ್ರಶ್ನೆ ಕೇಳಬಲ್ಲಳು. ಶಾಲೆ ತನ್ನದೂ ಹೌದು ಅನ್ನುವ ಧೈರ್ಯ ಅಲ್ಲಿಂದ ಹುಟ್ಟುತ್ತದೆ.

ಕಲೆ ಇಲ್ಲಿಗೆ ಹೊರಗಿನದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಕರಿಮಣ್ಣು ಕಲಸಿ ಎತ್ತು ಮಾಡುವ ಮಕ್ಕಳಿಗೆ ಆಕಾರ ಹೇಳಿಕೊಡಬೇಕಿಲ್ಲ. ಶಹಾಪುರದವರು ದಿನವೂ ನೋಡುವ ಬೆಟ್ಟವೇ ಮಲಗಿದ ಬುದ್ಧನಂತೆ ಕಾಣುತ್ತದೆ. ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಚಿನ್ನದ ಲೇಪದ ಚಿಕಣಿ ಚಿತ್ರಗಳ ಪರಂಪರೆಯೇ ಬೆಳೆದಿತ್ತು. ಗರುಡಾದ್ರಿ ಮನೆತನದವರು ಅದರಲ್ಲಿ ಹೆಸರಾದವರು. ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ನಾಗರಿಕನ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ತನ್ನೂರಿನ ಚಿಕಣಿ ಚಿತ್ರ ಹೇಗಿರುತ್ತದೆಂದೇ ಕಾಣದ ಸುರಪುರದ ಮಗು ಯಾವುದನ್ನು ಕಾಪಾಡೀತು?

ಸಂವಿಧಾನದ ಮೂಲ ಪ್ರತಿಯೇ ಚಿತ್ರಗ್ರಂಥ. ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ಶಿಷ್ಯರು ಪುಟಗಳನ್ನು ಸಿಂಗರಿಸಿದರು. ಪೀಠಿಕೆಯ ಪುಟದ ಅಂಚು ಬ್ಯೋಹಾರ್ ರಾಮಮನೋಹರ್ ಸಿನ್ಹಾ ಅವರ ಕೈಕೆಲಸ. ನಮ್ಮ ಶಾಲೆಗಳಲ್ಲಿ ಪೀಠಿಕೆ ಓದಿಸುತ್ತಾರೆ. ಓದಿದ ಮೇಲೆ ದೊಡ್ಡ ಹಾಳೆಯ ನಡುವೆ ಅದನ್ನು ಬರೆದು, ಅಂಚನ್ನು ಮಕ್ಕಳಿಗೆ ಬಿಡಬೇಕು. ಒಬ್ಬಳು ಅಲಾಯಿ ಹಬ್ಬದ ಪಂಜಾ ಬಿಡಿಸಲಿ, ಇನ್ನೊಬ್ಬ ಮೈಲಾಪುರದ ಮಲ್ಲಯ್ಯನ ಗುಡ್ಡ ಬಿಡಿಸಲಿ. ಎರಡೂ ಕೂಡುವ ಮೂಲೆಯಲ್ಲಿ ಏನಿರಬೇಕೆಂದು ಅವರೇ ಮಾತಾಡಿ ತೀರ್ಮಾನಿಸಲಿ.

ತೊಡಕೆಂದರೆ ಚಿತ್ರಕಲಾ ಶಿಕ್ಷಕರ ಹುದ್ದೆ ಹೆಚ್ಚಾಗಿ ಪ್ರೌಢಶಾಲೆಯಲ್ಲೇ ಉಳಿದಿದೆ. ಪ್ರಾಥಮಿಕದಲ್ಲಿ ಭಾಷೆ, ಗಣಿತ ಕಲಿಸುವವರೇ ಕುಂಚವನ್ನೂ ಹಿಡಿಯಬೇಕು. ಹಾಗಾಗಿ ಅವರಿಗೆ ಒತ್ತಾಸೆ ಬೇಕು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಈ ಜಿಲ್ಲೆಯಲ್ಲಿ ಶಿಕ್ಷಕರೊಂದಿಗೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ‘ಕಲಿ-ಕಲಿಸು’ ಕಾರ್ಯಕ್ರಮ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಕಲಾವಿದರಿಗೂ ಧನಸಹಾಯ ಕೊಡುತ್ತದೆ. ತಿಂಗಳಿಗೊಮ್ಮೆ ಸುರಪುರ ಶೈಲಿಯ ಒಬ್ಬ ಕಲಾವಿದರನ್ನು ನಲಿಕಲಿ ಕೋಣೆಗೆ ಕರೆಸುವ ಯೋಜನೆಯನ್ನು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕಿನ ಶಿಕ್ಷಕರು ಧಾರಾಳವಾಗಿ ಮುಂದಿಡಬಹುದು.