ಬಿ ಫಾರಂ ಬೆಂಗಳೂರಲ್ಲಿ, ಬೂತು ಅಜ್ಜಂಪುರದಲ್ಲಿ

ಚುನಾವಣೆ ಹತ್ತಿರ ಬಂತು ಅಂದ್ರೆ ನಮ್ಮ ಸುದ್ದಿಮನೆಗೆ ಒಂದು ದೃಶ್ಯ ತಪ್ಪದೇ ಬರುತ್ತೆ. ವೇದಿಕೆ ಮೇಲೆ ಏಳೆಂಟು ನಾಯಕರು ಕೈ ಕೈ ಹಿಡಿದು ಮೇಲೆತ್ತಿರ್ತಾರೆ. ಕೆಳಗೆ ನಾವು ‘ಒಗ್ಗಟ್ಟಿನ ಮಂತ್ರ’ ಅಂತ ಹಾಕ್ತೀವಿ. ವಾರ ಕಳೆಯೋದರೊಳಗೆ ಅವರಲ್ಲೊಬ್ಬರು ಪಕ್ಷೇತರರಾಗಿ ನಾಮಪತ್ರ ಸಲ್ಲಿಸ್ತಾರೆ. ಮೇಲೆತ್ತಿದ ಕೈಗಳು ಇಷ್ಟು ಬೇಗ ಕೆಳಗಿಳಿಯೋದು ಯಾಕೆ?

ಉತ್ತರ ಬೇಕಿದ್ದರೆ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನೋಡಿ. ತಾಲ್ಲೂಕು ಮೂರು, ವಿಧಾನಸಭಾ ಕ್ಷೇತ್ರ ಎರಡು. ಅಜ್ಜಂಪುರ ಹೊಸ ತಾಲ್ಲೂಕು ಕೇಂದ್ರವಾದರೂ ಅಲ್ಲಿನವರು ಓಟು ಹಾಕೋದು ತರೀಕೆರೆ ಕ್ಷೇತ್ರಕ್ಕೆ. ಲೋಕಸಭೆಗಾದರೆ ತರೀಕೆರೆ ಉಡುಪಿ-ಚಿಕ್ಕಮಗಳೂರಿಗೆ ಸೇರುತ್ತೆ, ಪಕ್ಕದ ಕಡೂರು ಹಾಸನಕ್ಕೆ. ಈ ಎರಡು ಕ್ಷೇತ್ರಗಳಲ್ಲೇ ರಾಜ್ಯದ ಮೂರೂ ದೊಡ್ಡ ಪಕ್ಷಗಳು ಒಡಕಿನ ಬೆಲೆ ತೆತ್ತಿವೆ.

ಮೊದಲು ಬಿಜೆಪಿ. 2008ರಲ್ಲಿ ತರೀಕೆರೆಯಲ್ಲಿ ಗೆದ್ದಿದ್ದ ಡಿ.ಎಸ್. ಸುರೇಶ್ 2013ಕ್ಕೆ ಯಡಿಯೂರಪ್ಪನವರ ಕೆಜೆಪಿಯಿಂದ ನಿಂತರು. ಕಾಂಗ್ರೆಸ್ಸಿನ ಜಿ.ಎಚ್. ಶ್ರೀನಿವಾಸ್ ಗೆದ್ದರು, ಅದೂ ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ. ಆಮೇಲೆ ಕಾಂಗ್ರೆಸ್ ಸರದಿ. 2018ರಲ್ಲಿ ಹಾಲಿ ಶಾಸಕ ಶ್ರೀನಿವಾಸ್ ಅವರಿಗೇ ಟಿಕೆಟ್ ತಪ್ಪಿತು. ಅವರು ಪಕ್ಷೇತರರಾಗಿ ನಿಂತು ಎರಡನೇ ಸ್ಥಾನಕ್ಕೆ ಬಂದರು. ಬಿಜೆಪಿಗೆ ಮರಳಿದ್ದ ಸುರೇಶ್ ಗೆದ್ದರು. 2023ರಲ್ಲಿ ಕಾಂಗ್ರೆಸ್ ಅದೇ ಶ್ರೀನಿವಾಸ್ ಅವರನ್ನು ಕರೆದು ಟಿಕೆಟ್ ಕೊಟ್ಟಿತು, ಗೆದ್ದಿತು.

ಇನ್ನು ಜೆಡಿಎಸ್. 2013ರಲ್ಲಿ ಕಡೂರಿನಿಂದ ಗೆದ್ದಿದ್ದ ವೈ.ಎಸ್.ವಿ. ದತ್ತ, 2023ರ ಚುನಾವಣೆಗೆ ಮುಂಚೆ ಕಾಂಗ್ರೆಸ್ ಸೇರಿದರು. ಅಲ್ಲಿ ಟಿಕೆಟ್ ಕೆ.ಎಸ್. ಆನಂದ್ ಪಾಲಾಯಿತು. ದತ್ತ ವಾಪಸ್ ಜೆಡಿಎಸ್‌ಗೆ ಬಂದರು, ಪಕ್ಷ ಅವರನ್ನೇ ಕಣಕ್ಕಿಳಿಸಿತು. ಫಲಿತಾಂಶ ಬಂದಾಗ ಆನಂದ್ ಶಾಸಕರು, ದತ್ತ ಮೂರನೇ ಸ್ಥಾನ.

ಇದನ್ನೆಲ್ಲ ನಾವು ನಾಯಕರ ಕಥೆಯಾಗಿ ಹೇಳ್ತೀವಿ. ಬೂತಿನ ಕಾರ್ಯಕರ್ತನ ಜಾಗದಲ್ಲಿ ನಿಂತು ಒಮ್ಮೆ ನೋಡಿ. ಮತದಾರರ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಅಂತ ಹುಡುಕೋನು ಅವನು. ಮನೆಮನೆಗೆ ಚೀಟಿ ಕೊಡೋನು ಅವನು. ಮತದಾನದ ದಿನ ಬೆಳಗಾಗೋ ಹೊತ್ತಿಗೆ ಬೂತಿಗೆ ಹೋಗಿ, ಅಣಕು ಮತದಾನ ನೋಡಿ, ಸಂಜೆ 17ಸಿ ನಮೂನೆಯ ಪ್ರತಿ ಕೈಗೆ ಬರೋವರೆಗೂ ಏಳದೆ ಕೂರೋನೂ ಅವನೇ. ಹೋದ ಚುನಾವಣೆಯಲ್ಲಿ ಯಾರನ್ನು ಹೊಗಳಿ ಓಟು ಕೇಳಿದ್ದನೋ, ಈ ಸಲ ಅವರನ್ನೇ ತೆಗಳಬೇಕು. ಹಳ್ಳಿಯಲ್ಲಿ ಬೆಳಗ್ಗೆ ಎದ್ದರೆ ಅದೇ ಮುಖಗಳು. ಅವರೆದುರು ಹೋಗೋದು ಅವನ ಮರ್ಯಾದೆ. ಆದರೆ ಈ ಬದಲಾವಣೆಗಳಲ್ಲಿ ಒಂದನ್ನಾದರೂ ಅವನನ್ನು ಕೇಳಿ ಮಾಡಿದ್ದಾರಾ?

ಇಲ್ಲಿ ಬಿ ಫಾರಂ ಅನ್ನೋ ಕಾಗದವನ್ನು ಅರ್ಥ ಮಾಡ್ಕೋಬೇಕು. ಪಕ್ಷದ ಪರವಾಗಿ ಅಭ್ಯರ್ಥಿಯನ್ನು ಸೂಚಿಸೋ ಅಧಿಕಾರ ಯಾರಿಗಿದೆ ಅಂತ ತಿಳಿಸೋದು ಎ ಫಾರಂ. ಆ ಅಧಿಕಾರ ಇರುವವರು ಸಹಿ ಹಾಕಿ ‘ಇವರೇ ನಮ್ಮ ಅಭ್ಯರ್ಥಿ’ ಅಂತ ಕೊಡೋದು ಬಿ ಫಾರಂ. ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಿದರೆ ಪಕ್ಷದ ಚಿಹ್ನೆ ಸಿಗುತ್ತೆ. ಹತ್ತು ವರ್ಷ ಊರೂರು ತಿರುಗಿದವನ ಭವಿಷ್ಯ ಈ ಒಂದು ಹಾಳೆ ಮೇಲೆ ನಿಂತಿದೆ. ಅದಕ್ಕೇ ಟಿಕೆಟ್ ಆಕಾಂಕ್ಷಿ ಅಜ್ಜಂಪುರದ ಸಂತೆಗಿಂತ ಬೆಂಗಳೂರು, ದೆಹಲಿಯ ಬಾಗಿಲುಗಳಲ್ಲೇ ಹೆಚ್ಚು ಹೊತ್ತು ಕಾಯ್ತಾನೆ.

ಭದ್ರಾ ಅಣೆಕಟ್ಟು ಇರೋದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ನಾಲೆಯ ಕೊನೇ ಭಾಗದ ರೈತರು ದಾವಣಗೆರೆ ಕಡೆ ‘ನಮ್ಮ ಗದ್ದೆಗೆ ನೀರು ಬಂದಿಲ್ಲ’ ಅಂತ ರಸ್ತೆಗಿಳಿಯೋದನ್ನ ನಾವೇ ಎಷ್ಟೋ ಸಲ ತೋರಿಸಿದ್ದೀವಿ. ಪಕ್ಷದ ಕಾರ್ಯಕರ್ತನೂ ಕೊನೇ ಭಾಗದ ರೈತನ ಹಾಗೇ. ನಾನು ಎಂಜಿನಿಯರಿಂಗ್ ಓದಿದವನು. ಮೇಲಿಂದ ಕೆಳಗೆ ಆದೇಶ ಮಾತ್ರ ಹೋಗಿ, ಕೆಳಗಿನ ಸ್ಥಿತಿ ಮೇಲಕ್ಕೆ ತಿಳಿಯದ ಯಂತ್ರ ಒಂದಲ್ಲ ಒಂದು ದಿನ ಕೆಟ್ಟು ನಿಲ್ಲುತ್ತೆ.

ಹಾಗಂತ ಪಕ್ಷಗಳ ಬಳಿ ರಚನೆ ಇಲ್ಲ ಅಂತಲ್ಲ. ಬಿಜೆಪಿಯಲ್ಲಿ ಬೂತ್, ಶಕ್ತಿ ಕೇಂದ್ರ, ಮಂಡಲ ಇವೆ, ಮತದಾರರ ಪಟ್ಟಿಯ ಪುಟಕ್ಕೊಬ್ಬ ಪೇಜ್ ಪ್ರಮುಖ್ ಇದ್ದಾನೆ. ಕಾಂಗ್ರೆಸ್ಸಿನಲ್ಲಿ ಬ್ಲಾಕ್ ಸಮಿತಿ ಇದೆ. 2022ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಮಲ್ಲಿಕಾರ್ಜುನ ಖರ್ಗೆ ಎಐಸಿಸಿ ಅಧ್ಯಕ್ಷರಾದಾಗ ದೇಶಾದ್ಯಂತ ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಓಟು ಹಾಕಿದರು. ಆ ಹುದ್ದೆಗೆ ಸ್ಪರ್ಧೆ ನಡೆದಿದ್ದು 22 ವರ್ಷಗಳ ನಂತರ. ಆದ್ರೆ ಬ್ಲಾಕ್ ಅಧ್ಯಕ್ಷ, ಮಂಡಲ ಅಧ್ಯಕ್ಷ ಯಾರು ಅನ್ನೋದು ಬಹಳ ಕಡೆ ‘ಒಮ್ಮತದ ಆಯ್ಕೆ’ ಅನ್ನೋ ಹೆಸರಲ್ಲಿ ಮೇಲಿಂದಲೇ ಬರುತ್ತೆ. ಜೆಡಿಎಸ್‌ನಲ್ಲಂತೂ ಕೊನೇ ಮಾತು ಯಾವ ಮನೆಯದು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಕಾನೂನು ಏನು ಹೇಳುತ್ತೆ? ಪಕ್ಷ ಬಿಟ್ಟ ಶಾಸಕನನ್ನು ಹಿಡಿಯೋಕೆ 1985ರಲ್ಲಿ ಪಕ್ಷಾಂತರ ನಿಷೇಧ ಬಂತು. ಪಕ್ಷಗಳ ನೋಂದಣಿಗೆ ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ಇದೆ. ಸಂವಿಧಾನಕ್ಕೆ, ಪ್ರಜಾಪ್ರಭುತ್ವಕ್ಕೆ ನಿಷ್ಠೆ ಇರಬೇಕು ಅಂತ ಅದು ಹೇಳುತ್ತೆ. ಅಭ್ಯರ್ಥಿಯನ್ನು ಯಾರು, ಹೇಗೆ ಆರಿಸಬೇಕು ಅನ್ನೋ ವಿಷಯದಲ್ಲಿ ಅದು ಸುಮ್ಮನಿದೆ.

ಇನ್ನೊಂದು ಮೆಟ್ಟಿಲೂ ಮುರಿದಿದೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಕಾರ್ಯಕರ್ತ ಪಕ್ಷದ ಚಿಹ್ನೆ ಹಿಡಿದು ಮೊದಲು ನಿಲ್ಲೋದು ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ. 2016ರ ಫೆಬ್ರವರಿಯಲ್ಲಿ ನಡೆದ ಆ ಚುನಾವಣೆಯ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬಿಜೆಪಿ ಸರ್ಕಾರ ಇದ್ದಾಗಲೂ ಇಲ್ಲ, ಕಾಂಗ್ರೆಸ್ ಬಂದ ಮೇಲೂ ಇಲ್ಲ. ಮಧ್ಯದ ಮೆಟ್ಟಿಲೇ ಇಲ್ಲದಿದ್ದರೆ ಎಲ್ಲರ ಕಣ್ಣೂ ಎಂಎಲ್ಎ ಟಿಕೆಟ್ ಮೇಲೇ ಬೀಳುತ್ತೆ. ಒಂದು ಕುರ್ಚಿಗೆ ಹತ್ತು ಜನ. ಬಂಡಾಯ ಹುಟ್ಟೋದೇ ಅಲ್ಲಿ.

ಬೇರೆ ದಾರಿ ಯಾರೂ ನೋಡಿಲ್ವಾ? ನೋಡಿದ್ದಾರೆ. 2014ರ ಲೋಕಸಭೆಗೆ ಕಾಂಗ್ರೆಸ್ ಕೆಲವು ಕಡೆ ಪಕ್ಷದವರಿಂದಲೇ ಓಟು ಹಾಕಿಸಿ ಅಭ್ಯರ್ಥಿ ಆರಿಸಿತು. ನಮ್ಮಲ್ಲಿ ಬೆಂಗಳೂರು ಉತ್ತರಕ್ಕೆ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡಕ್ಕೆ ಜನಾರ್ದನ ಪೂಜಾರಿ ಹಾಗೆ ಆಯ್ಕೆಯಾದವರು. ಇಬ್ಬರೂ ಸೋತರು. ‘ನೋಡಿದ್ರಾ, ಇದರಿಂದ ಗೆಲ್ಲೋಕಾಗಲ್ಲ’ ಅಂದರು ಟೀಕಾಕಾರರು. ಆದ್ರೆ ಮೇಲಿಂದ ಟಿಕೆಟ್ ಕೊಟ್ಟಾಗಲೂ ಪಕ್ಷಗಳು ಸೋಲ್ತವೆ. ತರೀಕೆರೆಯ 2018 ನಮ್ಮ ಕಣ್ಣ ಮುಂದೇ ಇದೆ. ಸೋಲು ಎರಡೂ ದಾರಿಯಲ್ಲಿದೆ. ಸೋತ ಮೇಲೂ ‘ಇವರನ್ನು ಆರಿಸಿದ್ದು ನಾವೇ’ ಅನ್ನೋ ಮಾತು ಮಾತ್ರ ಒಂದರಲ್ಲೇ ಇದೆ. ಒಟ್ಟಿಗೆ ಆರಿಸಿದವರು ಒಟ್ಟಿಗೆ ಉಳಿಯೋ ಸಾಧ್ಯತೆ ಹೆಚ್ಚು.

ಹಾಗಾಗಿ ಮುಂದಿನ ಸಲ ನಮ್ಮ ಪರದೆ ಮೇಲೆ ಕೈ ಕೈ ಹಿಡಿದ ನಾಯಕರು ಕಂಡಾಗ ಮೂರು ಪ್ರಶ್ನೆ ಕೇಳಿ. ನಿಮ್ಮ ಬೂತ್ ಸಮಿತಿ ಅಭ್ಯರ್ಥಿ ಬಗ್ಗೆ ಕೊನೇ ಸಲ ಸಭೆ ಸೇರಿದ್ದು ಯಾವಾಗ? ನಿಮ್ಮ ತಾಲ್ಲೂಕು ಘಟಕದ ಅಧ್ಯಕ್ಷರು ಓಟಿನಿಂದ ಬಂದವರಾ, ಪತ್ರದಿಂದ ಬಂದವರಾ? ಜಿಲ್ಲಾ ಪಂಚಾಯಿತಿ ಚುನಾವಣೆ ಮಾಡಿ ಅಂತ ನಿಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ಒಂದು ಸಲನಾದರೂ ಗಟ್ಟಿಯಾಗಿ ಕೇಳಿತಾ? ನೀವು ಯಾವ ಪಕ್ಷದವರೇ ಆಗಿರಿ, ಈ ಪ್ರಶ್ನೆ ಕೇಳೋ ಹಕ್ಕು ನಿಮಗಿದೆ.