ಊರು ಬದಲಿಸುವ ಮುನ್ನ

ಬಾಗಲಕೋಟೆ ಜಿಲ್ಲೆಯ ಭಕ್ತ ಕುಟುಂಬವೊಂದು ಮಗನ ವ್ಯಾಸಂಗಕ್ಕಾಗಿ ಮಣಿಪಾಲಕ್ಕೆ ತೆರಳಲು ನಿಶ್ಚಯಿಸಿತು. ಒಂಬತ್ತು ವರ್ಷ ಮನೆ ಕಾಯ್ದ ಮುಧೋಳ ನಾಯಿಯೊಂದು ಅವರಲ್ಲಿದೆ. "ಶಾಸ್ತ್ರಿಗಳೇ, ಇದನ್ನು ಇಲ್ಲಿಯೇ ಯಾರಿಗಾದರೂ ಕೊಟ್ಟುಬಿಡೋಣವೇ?" ಎಂದು ಯಜಮಾನರು ಕೇಳಿದಾಗ ಮನೆಯ ಹಿರಿಯ ತಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಊರು ನೋಡದೆ ಉತ್ತರ ಹೇಳಲಾಗದೆಂದು ನಾವು ಅವರೊಡನೆ ಹೊರಟೆವು.

ನಾವು ಹೋದದ್ದು ಆಷಾಢದಲ್ಲಿ. ಇದು ಒಳ್ಳೆಯದೇ ಆಯಿತು. ಮುಧೋಳ ತಳಿಯು ಒಣನೆಲದ ಬೇಟೆನಾಯಿ. ಕರಾವಳಿಯಲ್ಲಿಯೋ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ತೇವದಿಂದ ಚರ್ಮರೋಗ, ಉಣ್ಣೆಯಿಂದ ಜ್ವರ, ನಿಂತ ನೀರಿನಿಂದ ಇಲಿಜ್ವರ ಬರುವ ಸಂಭವವುಂಟು. ಆದುದರಿಂದ ಚಳಿಗಾಲದಲ್ಲಿ ಊರು ನೋಡಿ ಮೆಚ್ಚಿದರೆ ಸಾಲದು.

ಮಣಿಪಾಲದಲ್ಲಿ ಬಹುಮಹಡಿ ವಸತಿಗಳೇ ಹೆಚ್ಚು. ನಿವಾಸಿಗಳ ಸಂಘವು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿಯೇ ತಿಳಿಸಿದೆ. ಆದರೆ ಬಾಡಿಗೆ ಮನೆಯ ಒಡೆಯರ ಒಪ್ಪಿಗೆ ಬೇರೆಯೇ ಮಾತು. ಅದನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಬೇಕು. ಉಡುಪಿಯ ರಥಬೀದಿಯ ಜನಸಂದಣಿ ನಾಯಿಗೆ ತಕ್ಕುದಲ್ಲ. ಕಾಪುವಿನಲ್ಲಿ 1901ರ ದೀಪಸ್ತಂಭದ ಬಳಿಯ ಕಡಲತೀರವು ಮುಂಜಾನೆ ಹಿತಕರ. ನಡುಹಗಲಿನ ಮರಳು ಪಾದ ಸುಡುತ್ತದೆ, ಮೈಗಂಟಿದ ಉಪ್ಪನ್ನು ಸಿಹಿನೀರಿನಿಂದ ತೊಳೆಯಬೇಕು. ಕಾರ್ಕಳದ ಕಡೆ ವಿಶಾಲ ಹಿತ್ತಿಲುಗಳಿವೆ. ಮುರಕಲ್ಲಿನ ಗೋಡೆಯ ಸಂದುಗಳಲ್ಲಿ ಹಾವಿನ ಭಯವೂ ಇದೆ.

ಇನ್ನೊಂದು ಪರೀಕ್ಷೆ ಬೀದಿಯಲ್ಲಿದೆ. ಸಂತಾನಹರಣ ಮಾಡಿ ಲಸಿಕೆ ಹಾಕಿದ ಬೀದಿನಾಯಿಯ ಕಿವಿಯ ತುದಿಯಲ್ಲಿ ಗುರುತಿಗಾಗಿ ಸಣ್ಣ ಕಚ್ಚು ಮಾಡಿರುತ್ತಾರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಈ ಕಾರ್ಯವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಬೆಳಗಿನ ಜಾವ ಎರಡು ಬೀದಿ ತಿರುಗಿ ಕಿವಿಗಳನ್ನು ಗಮನಿಸಿದರೆ ಆ ಊರಿನ ಕಾಳಜಿ ತಿಳಿಯುತ್ತದೆ. ರಾತ್ರಿಯೂ ದೊರೆಯುವ ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆಂಬುದನ್ನು ನೆರೆಯವರಲ್ಲಿ ಕೇಳಬೇಕು. ನಮ್ಮ ಕರ್ತವ್ಯವೂ ಉಂಟು: ವರ್ಷವರ್ಷ ಹುಚ್ಚುನಾಯಿ ರೋಗದ ಲಸಿಕೆ, ಹೊರಗೆ ಹೋದಾಗ ಕೊರಳಿಗೆ ಹಗ್ಗ, ಮಲವನ್ನು ತೆಗೆಯುವ ಶಿಸ್ತು. ಇವಿಲ್ಲದವರು ಊರನ್ನು ದೂರುವಂತಿಲ್ಲ.

ಕೊನೆಗೆ ಪರ್ಕಳದ ಕಡೆ ಅಂಗಳವಿರುವ ನೆಲಮಹಡಿಯ ಮನೆ ದೊರೆಯಿತು. ಬಾಡಿಗೆ ತುಸು ಹೆಚ್ಚು. ಮಗನಿಗೆ ನಿತ್ಯ ಬಸ್ಸಿನ ಪಯಣ. ಆದರೂ ನಾಯಿ ಜೊತೆಗೆ ಹೋಯಿತು. ಮುಪ್ಪಿನಲ್ಲಿ ಮನೆಯ ಕಾವಲುಗಾರನನ್ನು ಕೈಬಿಡುವ ಮನೆಯಲ್ಲಿ ಮಕ್ಕಳು ಏನನ್ನು ಕಲಿತಾರು? ಊರು ನಾಯಿಗೆ ಒಪ್ಪುವುದೇ ಎಂದು ಕೇಳುವ ಮೊದಲು, ಅದಕ್ಕಾಗಿ ನಾವು ಎಷ್ಟು ಬಿಡಬಲ್ಲೆವು ಎಂದು ಕೇಳಿಕೊಳ್ಳೋಣ.