ಬ್ಯಾಂಡ್ ಹಾಕಿದ ಹೊಟ್ಟೆಗೆ ಮುದ್ದೆ ಏಕೆ ಇಳಿಯದು?

ಪ್ರಶ್ನೆ: ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡವರಿಗೆ ಮುದ್ದೆ ಎದೆಯಲ್ಲೇ ನಿಂತಂತಾಗುತ್ತದೆ, ಪಾಯಸ ಸಲೀಸಾಗಿ ಇಳಿಯುತ್ತದೆ. ಏಕೆ? (ಓದುಗರು, ಗುಂಡ್ಲುಪೇಟೆ)

ಉತ್ತರ: ತೂಕ ಇಳಿಸಲೆಂದು ಜಠರದ ಮೇಲ್ತುದಿಗೆ ಸುತ್ತಿದ ಸಿಲಿಕೋನ್ ಪಟ್ಟಿ ಕೆರೆಯ ತೂಬಿನಂತೆ: ನೀರು ಹರಿಯುತ್ತದೆ, ಹೆಂಟೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಮೇಲಿನ ಪುಟ್ಟ ಚೀಲ ನಾಲ್ಕಾರು ತುತ್ತಿಗೇ ಹಿಗ್ಗಿದಾಗ ನರಗಳು ಮಿದುಳಿಗೆ ‘ಸಾಕು’ ಎನ್ನುತ್ತವೆ. ಚಾಮರಾಜನಗರದ ಕಡೆ ಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿ. ಆ ಅಂಟು ಉಂಡೆ ಅಲ್ಲೇ ತಡೆಯುತ್ತದೆ. ಹಾಗಾದರೆ ಪಾಯಸ, ಕಬ್ಬಿನಹಾಲು ಸಾಕಲ್ಲ ಎನ್ನಬಹುದು. ತೂಕ ಇಳಿಯದಿರುವ ಗುಟ್ಟು ಅಲ್ಲೇ ಇದೆ. ದ್ರವ ನಿಲ್ಲದೆ ಜಾರುವುದರಿಂದ ಹಸಿವು ಅಡಗದು, ಕ್ಯಾಲೊರಿ ಮಾತ್ರ ಒಳಸೇರುತ್ತದೆ. ಪಟ್ಟಿಯನ್ನೇ ಬಿಗಿ ಮಾಡಿಸಿದರೆ? ಚರ್ಮದಡಿಯ ಪೋರ್ಟ್‌ ಮೂಲಕ ಪಟ್ಟಿಯೊಳಗೆ ಸಲೈನ್ ತುಂಬಿ ಬಿಗಿಗೊಳಿಸಬಹುದು ನಿಜ. ಅತಿಯಾದರೆ ಗಟ್ಟಿ ಆಹಾರವೆಲ್ಲ ವಾಂತಿಯಾಗಿ, ಮತ್ತೆ ಪಾಯಸವೇ ಗತಿ. ಆದ್ದರಿಂದಲೇ ಬೆಂದ ಕಾಳು, ಮೊಟ್ಟೆಯನ್ನು ಚಿಕ್ಕ ತುತ್ತಾಗಿ ಚೆನ್ನಾಗಿ ಅಗಿದು ತಿನ್ನಿ, ಊಟದ ನಡುವೆ ನೀರು ಕುಡಿಯಬೇಡಿ ಎಂದು ವೈದ್ಯರು ಹೇಳುತ್ತಾರೆ.